ಬರೆದಿಡದ ಲೆಕ್ಕ

ಬೇಸಿಗೆ ರಜೆಗೆಂದು ಮುರುಗಮಲ್ಲದ ತವರಿಗೆ ಹೋದಾಗ ಪಡಸಾಲೆಯಲ್ಲಿ ಒಂದು ಯುದ್ಧವೇ ನಡೆಯಿತು. ಒಂದು ಕಡೆ ನನ್ನ ಮಗ, ಇನ್ನೊಂದು ಕಡೆ ಅಣ್ಣನ ಮಗ. ಜಗಳ ಆಸ್ತಿಗಲ್ಲ, ಅಮೆರಿಕದ ಇಬ್ಬರು ಬಾಸ್ಕೆಟ್‌ಬಾಲ್ ಆಟಗಾರರಿಗಾಗಿ! ಮೈಕೆಲ್ ಜೋರ್ಡನ್ ದೊಡ್ಡವನೋ, ಲೆಬ್ರಾನ್ ಜೇಮ್ಸ್ ದೊಡ್ಡವನೋ? "ಜೋರ್ಡನ್ ಆರು ಸಲ ಚಾಂಪಿಯನ್" ಎಂದು ಒಬ್ಬ. "ಕರೀಮ್ ಅಬ್ದುಲ್ ಜಬ್ಬಾರ್ ಗಳಿಸಿದ್ದ 38,387 ಅಂಕಗಳ ದಾಖಲೆಯನ್ನು 2023ರಲ್ಲಿ ಮುರಿದದ್ದು ಯಾರು?" ಎಂದು ಇನ್ನೊಬ್ಬ. "ಮುದ್ದೆ ಆರ್ತಾ ಇದೆ ಬನ್ರೋ" ಎಂದು ಮೂರು ಸಲ ಕೂಗಿದರೂ ಇಬ್ಬರೂ ಏಳಲಿಲ್ಲ.

ಕೊನೆಗೆ ಅಣ್ಣನ ಮಗ ಕಾಗದ ತೆಗೆದು ಹತ್ತು ಮಂದಿಯ ಪಟ್ಟಿ ಬರೆದ. ಅದರಲ್ಲಿ ಬಿಲ್ ರಸೆಲ್ ಏಳನೆಯವನು. ಹದಿಮೂರು ವರ್ಷ ಆಡಿ ಹನ್ನೊಂದು ಸಲ ತಂಡವನ್ನು ಗೆಲ್ಲಿಸಿದವನು ಏಳನೆಯವನೇ?

"ಅವನ ಅಂಕ ಕಡಿಮೆ ಅತ್ತೆ" ಎಂದ.

ರಸೆಲ್‌ನ ಹಿರಿಮೆ ಇದ್ದದ್ದು ಬುಟ್ಟಿಗೆ ಚೆಂಡು ಹಾಕುವುದರಲ್ಲಲ್ಲ, ಎದುರಾಳಿಯ ಚೆಂಡು ಬುಟ್ಟಿ ಸೇರದಂತೆ ತಡೆಯುವುದರಲ್ಲಿ. ಹಾಗೆ ತಡೆದದ್ದನ್ನು ಎನ್‌ಬಿಎ ಲೆಕ್ಕ ಇಡಲು ಶುರುಮಾಡಿದ್ದು 1973-74ರಲ್ಲಿ. ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಎಷ್ಟು ಚೆಂಡು ತಡೆದನೋ, ಅಧಿಕೃತ ಪುಸ್ತಕದಲ್ಲಿ ಒಂದೂ ಇಲ್ಲ.

ಇದನ್ನು ಕೇಳಿದಾಗ ನನಗೆ ನೆನಪಾದದ್ದು ಅಮ್ಮ. ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳಿಗೆ ಹಗಲು ರಾತ್ರಿ ಎನ್ನದೆ ಸೊಪ್ಪು ಬೇಕು. ನಡುರಾತ್ರಿ ಎದ್ದು ಸೊಪ್ಪು ಹಾಕುತ್ತಿದ್ದವಳು ಅಮ್ಮ. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದವಳೂ ಅಮ್ಮ. ಅಪ್ಪ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ದು ಹರಾಜು ಮುಗಿಸಿ ಚೀಟಿ ಹಿಡಿದು ಬರುತ್ತಿದ್ದ. ಊರಿನಲ್ಲಿ ಒಳ್ಳೆಯ ಬೆಳೆಗಾರರು ಯಾರೆಂಬ ಮಾತು ಬಂದರೆ ಅಪ್ಪನ ಹೆಸರು. ಅಪ್ಪನೇನೂ ಕೆಟ್ಟವನಲ್ಲ, ಅವನೂ ದುಡಿದವನೇ. ಆದರೆ ಆ ಚೀಟಿಯಲ್ಲಿ ತೂಕವಿತ್ತು, ರೇಟಿತ್ತು. ಅಮ್ಮ ಬಿಟ್ಟ ನಿದ್ದೆಗೆ ಕಾಲಂ ಇರಲಿಲ್ಲ.

"ಲೆಕ್ಕ ಇಲ್ಲದೆ ಪಟ್ಟಿ ಹೇಗೆ ಮಾಡೋದಮ್ಮ?" ಎಂದ ಮಗ. ಲೆಕ್ಕ ಬೇಡವೆಂದು ನಾನೂ ಹೇಳುವುದಿಲ್ಲ. ಲೆಕ್ಕವಿಲ್ಲದಿದ್ದರೆ ಗಟ್ಟಿ ಗಂಟಲಿನವನೇ ಗೆಲ್ಲುತ್ತಾನೆ. ನನ್ನ ತಕರಾರು ಇಷ್ಟೇ: ಬರೆದಿಡದೆ ಹೋದದ್ದನ್ನು ಸೊನ್ನೆ ಎಂದು ತಿಳಿಯಬೇಡಿ. ಪುಸ್ತಕದಲ್ಲಿ ಇಲ್ಲದಿರುವುದು ಬರೆಯುವವನು ನೋಡದೆ ಬಿಟ್ಟದ್ದು, ಆಡಿದವನು ಮಾಡದೆ ಬಿಟ್ಟದ್ದಲ್ಲ.

ಹುಡುಗರನ್ನು ಇನ್ನೊಂದು ಪ್ರಶ್ನೆ ಕೇಳಿದೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ಏಷ್ಯಾ ಕಪ್ 'ಬಿ' ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು 75-73ರಿಂದ ಸೋಲಿಸಿದರಲ್ಲ, ಆ ತಂಡದ ಒಬ್ಬಳ ಹೆಸರು ಹೇಳಿ ನೋಡೋಣ. ಇಬ್ಬರೂ ಮುಖ ಮುಖ ನೋಡಿಕೊಂಡರು. ಅಮೆರಿಕದವರ ಅಂಕ ಬಾಯಿಪಾಠ ಬರುತ್ತದೆ. ಚಿಂತಾಮಣಿಯಲ್ಲಿ ಬಸ್ಸು ಹತ್ತಿದರೆ ಎರಡು ಮೂರು ಗಂಟೆಯಲ್ಲಿ ಮುಟ್ಟುವ ಊರಿನಲ್ಲಿ ಗೆದ್ದವರ ಹೆಸರು ಬರುವುದಿಲ್ಲ. ಆ ತಂಡದಲ್ಲಿ ನಮ್ಮ ಕರ್ನಾಟಕದ ನವನೀತಾ ಇದ್ದಳು. ಭಾರತ ತಂಡದ ನಾಯಕಿಯಾಗಿದ್ದ ಅನಿತಾ ಪಾಲ್‌ದುರೈಗೆ 2021ರಲ್ಲಿ ಪದ್ಮಶ್ರೀ ಬಂತು. ಪದ್ಮಶ್ರೀ ಬಂದರೂ ಪಡಸಾಲೆಯ ಪಟ್ಟಿಗೆ ಬರಲಿಲ್ಲ! ಇಲ್ಲಿ ಪುಸ್ತಕದಲ್ಲಿ ಬರೆದಿದ್ದೂ ಯಾರೂ ತೆರೆದು ನೋಡಿಲ್ಲ.

ಗಂಡಸರು ಪಟ್ಟಿ ಮಾಡಿಕೊಳ್ಳಲಿ, ಬೇಡ ಅನ್ನುವವರು ಯಾರು? ಆದರೆ "ಜಗತ್ತಿನಲ್ಲೇ ಶ್ರೇಷ್ಠರು" ಎಂದು ತಲೆಬರಹ ಕೊಡುವ ಮೊದಲು "ನಾವು ನೋಡಿದವರಲ್ಲಿ" ಎಂದು ಸೇರಿಸುವ ಪ್ರಾಮಾಣಿಕತೆ ಇರಲಿ. ನಾವೂ ಅಷ್ಟೇ. ನಮ್ಮ ಕೆಲಸಕ್ಕೆ ಚೀಟಿ ಇಲ್ಲವೆಂದು "ನಾನೇನು ಮಾಡ್ತೀನಿ, ಮನೇಲಿರ್ತೀನಿ" ಎನ್ನುವ ಮಾತನ್ನು ಮೊದಲು ನಾವು ಬಿಡಬೇಕು.

ಅಂದು ಹುಡುಗರು ಪಟ್ಟಿಯಲ್ಲಿ ರಸೆಲ್‌ನನ್ನು ಮೂರನೆಯ ಸ್ಥಾನಕ್ಕೆ ಏರಿಸಿದರು. ಆಮೇಲೆ ತಣ್ಣಗಾದ ಮುದ್ದೆಯನ್ನು ಮಾತಿಲ್ಲದೆ ಉಂಡರು.