ಮೋಟರ್ ತೆಗೆದಷ್ಟು ಬೇಗ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಳೆಸಾಲಿನ ಬಂಧುಗಳೇ,

ಭೀಮೆಗೆ ನೀರು ಬರುವ ಸುದ್ದಿ ನಮ್ಮೂರಿಗೆ ಮೊದಲು ಮುಟ್ಟುವುದು ಸರ್ಕಾರದಿಂದಲ್ಲ, ಬೀಗರಿಂದ. ಅಕ್ಕಲಕೋಟೆ ಕಡೆಯ ಅಳಿಯನೋ ಇಂಡಿ ಕಡೆಯ ಭಾವನೋ ಸಂಜೆ ಹೊತ್ತಿಗೆ ಫೋನು ಹಚ್ಚುತ್ತಾನೆ: "ಮ್ಯಾಲ ನೀರ್ ಬಿಟ್ಟಾರಂತ್ರಿ ಮಾವಾರ, ಮೋಟರ್ ತಗೀರಿ." ಅಷ್ಟು ಸಾಕು. ಅರ್ಧ ಗಂಟೆಯಲ್ಲಿ ಹೊಳೆದಂಡೆ ಜಾತ್ರೆಯಾಗುತ್ತದೆ. ಒಬ್ಬ ಕೇಬಲ್ ಬಿಚ್ಚುತ್ತಾನೆ, ಒಬ್ಬ ಪೈಪಿನ ನಟ್ಟು ಸಡಿಲಿಸುತ್ತಾನೆ, ಒಬ್ಬ ಸ್ಟಾರ್ಟರ್ ಪೆಟ್ಟಿಗೆಯನ್ನು ಕೂಸಿನ ಹಾಗೆ ಎದೆಗೆ ಅವುಚಿಕೊಂಡು ದಂಡೆ ಹತ್ತುತ್ತಾನೆ. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮೋಟರ್ ಎಳೆಯುವಾಗ ಬದುವಿನ ಜಗಳಕ್ಕೆ ಮಾತು ಬಿಟ್ಟವರೂ ಒಂದೇ ಹಗ್ಗಕ್ಕೆ ಕೈ ಹಾಕುತ್ತಾರೆ. ಕತ್ತಲಾಗುವ ಮೊದಲು ಊರಿನ ಅಷ್ಟೂ ಮೋಟರು ಎತ್ತರದಲ್ಲಿ. ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ.

2025ರ ಸೆಪ್ಟೆಂಬರಿನಲ್ಲಿಯೂ ಹೀಗೇ ಆಯಿತು. ಮೋಟರು ಒಂದೂ ಹೋಗಲಿಲ್ಲ. ಆದರೆ ನಮ್ಮ ಓಣಿಯಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಹುಡುಗಿಯೊಬ್ಬಳಿದ್ದಳು, ದಿನ ತುಂಬಿದ್ದವು. ಹಗ್ಗ ಎಳೆದು ಕೈ ತೊಳೆದುಕೊಂಡು ಮನೆಗೆ ಬಂದು ರೊಟ್ಟಿ ಉಂಡ ನಮ್ಮಲ್ಲಿ ಒಬ್ಬನಿಗೂ ಅವಳ ನೆನಪಾಗಲಿಲ್ಲ. ಮುಂಜಾನೆ ಎದ್ದು ನೋಡಿದರೆ ರಸ್ತೆಯ ಮೇಲೆ ತೊಡೆಮಟ್ಟ ನೀರು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹೊರಸು ಹಾಕಿ, ಮೇಲೆ ತಾಡಪತ್ರಿ ಹಿಡಿದು ದಾಟಿಸಿದೆವು. ಹೆರಿಗೆ ಸುಸೂತ್ರವಾಯಿತು. ಅದರಲ್ಲಿ ನಮ್ಮ ಜಾಣತನವೇನೂ ಇರಲಿಲ್ಲ. ಈ ಮನವಿ ಬರೆಯಲು ಕಾರಣ ಆ ಟ್ರಾಲಿ.

ವರ್ಷದ ಬಹುಪಾಲು ದಿನ ನಮ್ಮದು ಊರು. ಹೊಳೆ ಬಂದ ನಾಲ್ಕೈದು ದಿನ ನಡುಗಡ್ಡೆ. ಕೃಷ್ಣೆಯಲ್ಲಿ ನಿಜವಾದ ನಡುಗಡ್ಡೆಗಳಿವೆ, ಜನ ಅಲ್ಲೇ ಹುಟ್ಟಿ ಅಲ್ಲೇ ಬಾಳುತ್ತಾರೆ. ರಾಯಚೂರು ತಾಲ್ಲೂಕಿನ ಕುರ್ವಕುಲಾ, ಕುರ್ವಕುರ್ದಾ, ಲಿಂಗಸುಗೂರು ಕಡೆಯ ಕರಕಲಗಡ್ಡೆ, ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡೆ. 2014ರಲ್ಲಿ ನೀಲಕಂಠರಾಯನಗಡ್ಡೆಯ ತುಂಬು ಗರ್ಭಿಣಿಯೊಬ್ಬಳು ಒಣಗಿದ ಸೋರೆಬುರುಡೆ ಕಟ್ಟಿಕೊಂಡು, ತುಂಬಿ ಹರಿಯುವ ಕೃಷ್ಣೆಯನ್ನು ಈಜಿ ದಡ ಸೇರಿದ್ದು ದೇಶದಾಚೆಗೂ ಸುದ್ದಿಯಾಯಿತು. ಎಲ್ಲರೂ ಅವಳ ಧೈರ್ಯವನ್ನು ಹೊಗಳಿದರು. ನನಗೆ ಆ ಹೊಗಳಿಕೆ ಈಗಲೂ ಕಸಿವಿಸಿ. ಹೆರಿಗೆಗೆ ಧೈರ್ಯ ಬೇಕಾಗುವುದು ಬೇರೆ, ಹೆರಿಗೆ ಮನೆಗೆ ಹೋಗಲು ಧೈರ್ಯ ಬೇಕಾಗುವುದು ಬೇರೆ. ಗಡ್ಡೆಯ ಜನಕ್ಕೆ ಒಂದು ಮಾತ್ರ ಗೊತ್ತಿದೆ: ತಾವು ಗಡ್ಡೆಯಲ್ಲಿದ್ದೇವೆ ಎಂಬುದು. ಅದಕ್ಕೇ ಬುರುಡೆ ಒಣಗಿಸಿ ಮನೆಯಲ್ಲಿಟ್ಟಿರುತ್ತಿದ್ದರು. ನಾವು ಅಷ್ಟನ್ನೂ ಇಟ್ಟಿಲ್ಲ. ನೀರು ಇಳಿದ ಮರುವಾರವೇ ಮರೆತುಬಿಡುತ್ತೇವೆ.

ಈ ನೀರು ಎಲ್ಲಿಂದ ಬರುತ್ತದೆ ಎಂದು ಒಮ್ಮೆ ನೋಡಿಕೊಳ್ಳೋಣ. ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ನಮ್ಮಲ್ಲಿಗೆ ಬರುವ ಹೊಳೆಗೆ ಸೊಲ್ಲಾಪುರ ಜಿಲ್ಲೆಯಲ್ಲಿ ಉಜನಿ ಅಣೆಕಟ್ಟೆ ಇದೆ, ಸುಮಾರು 117 ಟಿಎಂಸಿಯದು. ಅಫಜಲಪುರ ತಾಲ್ಲೂಕಿನ ನಮ್ಮ ಸೊನ್ನ ಬ್ಯಾರೇಜಿನಲ್ಲಿ ನಿಲ್ಲುವುದು ಮೂರು ಟಿಎಂಸಿಯಷ್ಟು. ಮೇಲಿನ ಕೊಡ ಉರುಳಿದರೆ ಕೆಳಗಿನ ತಂಬಿಗೆ ಏನು ತಡೆದೀತು? ಸೊನ್ನದವರು ಬಾಗಿಲು ತೆಗೆದರು, ಅದಕ್ಕೇ ಊರು ಮುಳುಗಿತು ಎಂದು ಬೈಯುವವರಿದ್ದಾರೆ. ಬಾಗಿಲು ತೆಗೆಯದೆ ಅವರಿಗೆ ಬೇರೆ ದಾರಿಯಿಲ್ಲ. ಉಜನಿಯೊಂದೇ ಅಲ್ಲ, ನೀರಾ ನದಿ ಇದೆ, ಸೀನಾ ಇದೆ. 2025ರಲ್ಲಿ ಸೀನಾ ಸೊಲ್ಲಾಪುರ ಜಿಲ್ಲೆಯ ಊರುಗಳನ್ನೇ ನುಂಗಿ ನಮ್ಮ ಕಡೆ ಹರಿಯಿತು. ಅಕ್ಕಲಕೋಟೆಯ ಕುರನೂರ ಅಣೆಕಟ್ಟೆ ತುಂಬಿದರೆ ಬೋರಿ ನದಿಯೂ ಬಂದು ಕೂಡಿಕೊಳ್ಳುತ್ತದೆ.

ಆಳಂದದವರು "ನಮಗೇನು, ಭೀಮಾ ನಮ್ಮೂರ ಮುಂದೆ ಹರಿಯುವುದಿಲ್ಲ" ಎನ್ನಬಹುದು. ನಿಮ್ಮ ಕೊರಳ್ಳಿಯ ಅಮರ್ಜಾ ಜಲಾಶಯ ಒಂದೂವರೆ ಟಿಎಂಸಿಯದೇ ಇರಬಹುದು. ಅದರ ಬಾಗಿಲು ತೆರೆದರೆ ನೀರು ಹೋಗಿ ಬೀಳುವುದು ಗಾಣಗಾಪುರದ ಸಂಗಮಕ್ಕೆ. ದತ್ತನ ಪಾದುಕೆಗೆಂದು ಬಂದ ಪರಊರ ಭಕ್ತರು ಅದೇ ಸಂಗಮದಲ್ಲಿ ಮುಳುಗು ಹಾಕುತ್ತಿರುತ್ತಾರೆ. ಕೊರಳ್ಳಿಯಿಂದ ಗಾಣಗಾಪುರಕ್ಕೆ ಒಂದು ಫೋನು ಸಾಕು. ಮೋಟರಿಗಾಗಿ ರಾಜ್ಯದ ಗಡಿ ದಾಟಿ ಬರುವ ಫೋನು, ಜನರಿಗಾಗಿ ತಾಲ್ಲೂಕಿನ ಗಡಿ ದಾಟುವುದಿಲ್ಲವೆಂದರೆ ಏನನ್ನಬೇಕು?

ನೀರು ಬಂದಾಗ ಊರಿಗೆ ಕಡಿಯುವುದು ರಸ್ತೆಯೊಂದೇ ಅಲ್ಲ. ಜಾಕ್‌ವೆಲ್ ಮುಳುಗಿ ನಲ್ಲಿ ನಿಲ್ಲುತ್ತದೆ. ಸುತ್ತಲೂ ನೀರು, ಕುಡಿಯಲು ಮಾತ್ರ ಇಲ್ಲ. ಜೆಸ್ಕಾಂನವರು ಕರೆಂಟ್ ತೆಗೆಯುತ್ತಾರೆ. ತೆಗೆಯಲೇಬೇಕು, ನೀರಲ್ಲಿ ತಂತಿ ಬಿದ್ದರೆ ಗತಿಯೇನು. ಕರೆಂಟ್ ಹೋದ ಕೆಲ ಹೊತ್ತಿಗೆ ಟವರ್ ಸಾಯುತ್ತದೆ, ಟವರ್ ಸತ್ತರೆ 108ಕ್ಕೆ ಫೋನು ಹೋಗುವುದಿಲ್ಲ, ನ್ಯಾಯಬೆಲೆ ಅಂಗಡಿಯ ಯಂತ್ರ ಹೆಬ್ಬೆಟ್ಟು ಹಿಡಿಯುವುದಿಲ್ಲ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಇಡಲು ತಂಪಿಲ್ಲ. ನಮ್ಮ ಪಕ್ಕದ ಮನೆಯವರು ಅದನ್ನು ಒದ್ದೆ ಅರಿವೆ ಸುತ್ತಿದ ಮಣ್ಣಿನ ಗಡಿಗೆಯಲ್ಲಿಟ್ಟು ಉಳಿಸಿದರು. ಫೋನಿನ ಚಾರ್ಜಿಗೆ ಟ್ರ್ಯಾಕ್ಟರ್ ಬ್ಯಾಟರಿ. ಇಂಥ ಉಪಾಯಗಳಿಗೆ ನಮ್ಮಲ್ಲಿ ಬರವಿಲ್ಲ, ಆದರೆ ಎಲ್ಲವೂ ನೀರು ಬಂದ ಮೇಲೆ ಹೊಳೆಯುವ ಉಪಾಯಗಳು.

ಜೇವರ್ಗಿಯವರಿಗೆ ದೊಡ್ಡ ಆಸ್ಪತ್ರೆ ಎಂದರೆ ಕಲಬುರಗಿ, ಕಲಬುರಗಿ ಎಂದರೆ ಕಟ್ಟಿಸಂಗಾವಿ ಸೇತುವೆ. ಹೊಳೆ ಏರಿ ಅಲ್ಲಿ ಸಂಚಾರ ನಿಂತಿತೆಂದರೆ ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರು ಏನು ಮಾಡಬೇಕು? ಅವರ ರಕ್ತ ಹೊಳೆ ಇಳಿಯುವ ತನಕ ಕಾಯುವುದಿಲ್ಲ. ಅಫಜಲಪುರ ತಾಲ್ಲೂಕಿನಲ್ಲಿ ಘತ್ತರಗಿ, ಗಾಣಗಾಪುರದ ಸೇತುವೆಗಳದೂ ಇದೇ ಕತೆ. ಮಣ್ಣೂರಿನ ಯಲ್ಲಮ್ಮನ ಗುಡಿಗೆ, ಘತ್ತರಗಿ ಭಾಗ್ಯವಂತಿಯ ಗುಡಿಗೆ ನೀರು ಹೊಕ್ಕ ಫೋಟೊ ಎಲ್ಲರ ಮೊಬೈಲಿಗೂ ಬರುತ್ತದೆ, ಎಲ್ಲರೂ ಕೈ ಮುಗಿದು ಮುಂದಕ್ಕೆ ಕಳಿಸುತ್ತೇವೆ. ಅದೇ ನೀರಿನಲ್ಲಿ ಸಿಕ್ಕ ಡಯಾಲಿಸಿಸ್ ರೋಗಿಯ ಫೋಟೊ ಯಾರೂ ತೆಗೆಯುವುದಿಲ್ಲ.

ಇಲ್ಲಿ ನನ್ನ ಮೊದಲ ಬೇಡಿಕೆ. ಪಟ್ಟಿ ಹೊಸದಾಗಿ ಮಾಡಬೇಕಿಲ್ಲ, ಪಟ್ಟಿ ಇದೆ. ಯಾವ ಮನೆಯಲ್ಲಿ ಗರ್ಭಿಣಿ, ಯಾವ ತಿಂಗಳು, ದಿನ ಯಾವಾಗ ಎಂಬುದೆಲ್ಲ ಆಶಾ ಕಾರ್ಯಕರ್ತೆಯ ವಹಿಯಲ್ಲಿ ಬರೆದಿದೆ. ಅಂಗನವಾಡಿಯಲ್ಲಿ ಮಕ್ಕಳ ಲೆಕ್ಕವಿದೆ. ಭೀಮೆ ಉಕ್ಕುವ ಕಾಲ ಆಗಸ್ಟಿನಿಂದ ಅಕ್ಟೋಬರ್. ಜುಲೈನಲ್ಲಿ ಒಂದು ದಿನ ಆಶಾ ಅಕ್ಕನ ಜೊತೆ ಕುಳಿತು, ಆ ಮೂರು ತಿಂಗಳಲ್ಲಿ ದಿನ ತುಂಬುವವರು ಯಾರು, ಡಯಾಲಿಸಿಸ್‌ನವರು ಯಾರು, ಎದ್ದು ನಡೆಯಲಾಗದ ಮುದುಕರು ಯಾರು ಎಂದು ಒಂದು ಹಾಳೆಯಲ್ಲಿ ಬರೆದರೆ ಆಯಿತು. ಪ್ರತಿ ಹೆಸರಿನ ಮುಂದೆ, ಇವರನ್ನು ಕರೆದೊಯ್ಯುವವರು ಯಾರು, ಯಾರ ಗಾಡಿ, ಯಾವ ಊರಿಗೆ. ಬೀಗರ ಫೋನು ಬಂದ ಸಂಜೆ ಮೊದಲು ಆ ಹಾಳೆ ತೆಗೆಯಿರಿ. ಮೋಟರಿನ ಸರದಿ ಆಮೇಲೆ.

ಎರಡನೆಯದು ದನ. ಅಧಿಕಾರಿಗಳು ಬಂದು ಕಾಳಜಿ ಕೇಂದ್ರಕ್ಕೆ ಬನ್ನಿ ಎಂದರೆ ನಮ್ಮವರು ಏಳುವುದಿಲ್ಲ, ಹಟಮಾರಿಗಳು ಎಂಬ ಮಾತಿದೆ. 2020ರ ಅಕ್ಟೋಬರಿನಲ್ಲಿ, ನೀರು ಹಿಂದೆಂದೂ ಕಾಣದಷ್ಟು ಏರಿದಾಗ, ನಮ್ಮ ಓಣಿಯ ಅಜ್ಜಿಯೊಬ್ಬಳನ್ನು ಎಬ್ಬಿಸಲು ಹೋಗಿದ್ದೆ. "ಎಮ್ಮಿ ಬಿಟ್ಟು ನಾ ಎಲ್ಲಿಗಿ ಬರ್ಲೋ ತಮ್ಮಾ? ನಿಮ್ಮ ಕೇಂದ್ರದಾಗ ಎಮ್ಮಿಗಿ ಜಾಗ ಅದ ಏನು?" ಎಂದಳು. ಕೇಂದ್ರದಲ್ಲಿ ಅನ್ನ ಸಾರು ಇತ್ತು, ಎಮ್ಮೆಗೆ ಜಾಗ ಇರಲಿಲ್ಲ. ಅವಳನ್ನು ಹಟಮಾರಿ ಎನ್ನಲು ನನಗೆ ನಾಲಿಗೆ ಬರಲಿಲ್ಲ. ಎಮ್ಮೆಯೇ ಅವಳ ಬ್ಯಾಂಕು, ಅವಳ ಪಿಂಚಣಿ. 2009ರ ನೆರೆಯ ನಂತರ ಎತ್ತರದಲ್ಲಿ ಕಟ್ಟಿದ ಆಸರೆ ಮನೆಗಳು ಎಷ್ಟೋ ಕಡೆ ಖಾಲಿ ಉಳಿದದ್ದು ಇದಕ್ಕೂ ಹೌದು: ಮನೆ ಇತ್ತು, ಹಕ್ಕಿ ಇರಲಿಲ್ಲ. ನಮ್ಮಲ್ಲಿ ಹಕ್ಕಿ ಎಂದರೆ ದನ ಕಟ್ಟುವ ಕೊಟ್ಟಿಗೆ, ಹಾರುವ ಹಕ್ಕಿಯಲ್ಲ. ಬೆಂಗಳೂರಿನ ಎಂಜಿನಿಯರರಿಗೆ ಇದನ್ನು ಮೊದಲೇ ಹೇಳಬೇಕಿತ್ತೋ ಏನೋ. ಊರ ಎತ್ತರದ ಜಾಗದಲ್ಲಿ ದನ ಕಟ್ಟಲು ಗೂಟ, ನೆರಳು, ಎರಡು ದಿನದ ಮೇವು ಇದ್ದರೆ ಜನ ತಾವಾಗಿಯೇ ಏಳುತ್ತಾರೆ.

ಇದಕ್ಕೆಲ್ಲ ಯಾರನ್ನು ಕೇಳಬೇಕು? ನಾವು ಕೇಳುವ ರೀತಿ ಎಂದರೆ ನೀರು ಸುತ್ತಿಕೊಂಡಾಗ ಬಂದ ಮಂತ್ರಿಯ ಕಾರಿಗೆ ಅಡ್ಡ ನಿಲ್ಲುವುದು. ಆಗ ಸಿಗುವುದು ಭರವಸೆ. ಆರು ತಿಂಗಳಿಗೊಮ್ಮೆ ಗ್ರಾಮಸಭೆ ನಡೆಯಲೇಬೇಕೆಂದು ಪಂಚಾಯತ್ ರಾಜ್ ಕಾಯ್ದೆಯಲ್ಲಿದೆ. ಅದಕ್ಕೆ ನಾವು ಹೋಗುವುದಿಲ್ಲ. ಹೋದರೂ ಮನೆ ಪಟ್ಟಿಯಲ್ಲಿ ನಮ್ಮ ಹೆಸರು ಬಂತೇ ಎಂದು ನೋಡಿ ಎದ್ದು ಬರುತ್ತೇವೆ. ಈ ಸಲ ಕೊನೆಯ ತನಕ ಕುಳಿತುಕೊಳ್ಳಿ. ದೋಣಿಯೊಂದು, ದನಕ್ಕೆ ಎತ್ತರದ ಜಾಗ, ಟವರಿಗೆ ಮತ್ತು ನೀರಿನ ಘಟಕಕ್ಕೆ ಜನರೇಟರ್ ಡೀಸೆಲ್, ಇಷ್ಟನ್ನು ಬರೆದು ಕೊಟ್ಟು, ನಡಾವಳಿಯಲ್ಲಿ ಬರೆಸಿ, ಅದರ ನಕಲು ಪಡೆದುಕೊಂಡೇ ಹೊರಗೆ ಬನ್ನಿ. ಬಾಯಿಮಾತು ಪಿಡಿಒ ವರ್ಗವಾದ ದಿನ ವರ್ಗವಾಗುತ್ತದೆ, ನಡಾವಳಿ ಊರಲ್ಲೇ ಉಳಿಯುತ್ತದೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ಬಂದು ಹತ್ತು ವರ್ಷ ದಾಟಿದೆ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ದೋಣಿಗೆ ದುಡ್ಡಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನೂ ನಡಾವಳಿಯಲ್ಲಿ ಬರೆಸಿ.

ಪರಿಹಾರದ ಬಗ್ಗೆ ಒಂದು ಮಾತು. 2025ರ ಸೆಪ್ಟೆಂಬರ್ 30ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವೈಮಾನಿಕ ಸಮೀಕ್ಷೆ ಮಾಡಿ, ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚಿಸಿ ಖುಷ್ಕಿಗೆ 17,000, ನೀರಾವರಿಗೆ 25,500, ಬಹುವಾರ್ಷಿಕ ಬೆಳೆಗೆ 31,000 ಎಂದು ಸಾರಿದರು. ತೊಗರಿ ಕೊಳೆತವನಿಗೆ ಇದು ಬೀಜ ಗೊಬ್ಬರಕ್ಕೂ ಸಾಲದು ಎಂಬ ಜಗಳ ಬೇರೆ. ಆದರೆ ಬಂದಷ್ಟೂ ಕೆಲವರ ಕೈಗೆ ಬರುವುದಿಲ್ಲ. ಪಹಣಿಯಲ್ಲಿ ಇನ್ನೂ ತೀರಿಹೋದ ಅಪ್ಪನ ಹೆಸರು, ಅಜ್ಜನ ಹೆಸರು. ಸತ್ತವರ ಖಾತೆಗೆ ಹಣ ಬೀಳುವುದಿಲ್ಲ. ಅಣ್ಣತಮ್ಮಂದಿರು ಕೂತು ಪೌತಿ ಖಾತೆ ಮಾಡಿಸಿಕೊಳ್ಳಿ, ಇದಕ್ಕೆ ಯಾವ ಮಂತ್ರಿಯೂ ಬರಬೇಕಿಲ್ಲ.

ಬೇಸಿಗೆಯಲ್ಲಿ ಇದೇ ಹೊಳೆ ಬಣಬಣ ಒಣಗಿ, ಉಜನಿಯಿಂದ ಒಂದು ಟಿಎಂಸಿ ಬಿಡಿ ಎಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುವ ಪಾಳಿ ಬರುತ್ತದೆ. ಅದು ಇನ್ನೊಂದೇ ಮನವಿಯಾಗುವಷ್ಟಿದೆ, ಇಲ್ಲಿ ಬೆರೆಸುವುದಿಲ್ಲ. ಬೇಡವೆಂದಾಗ ಬರುವ ನೀರಿನ ಮುನ್ಸೂಚನೆಯನ್ನು ಕೇಳುವುದಕ್ಕೂ, ಬೇಕೆಂದಾಗ ಬಾರದ ನೀರನ್ನು ಕೇಳುವುದಕ್ಕೂ ಒಗ್ಗಟ್ಟು ಒಂದೇ ಬೇಕು ಎಂದಷ್ಟೇ ಹೇಳಬಲ್ಲೆ.

ಗೋಡೆಯ ಮೇಲೆ ಬರೆದಿಡಬೇಕಾದ ನಾಲ್ಕು ಸಂಖ್ಯೆ: ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ತುರ್ತು ಕರೆ 112, ಆಂಬುಲೆನ್ಸ್ 108, ಕರೆಂಟಿನದು 1912. ಟವರ್ ಸಾಯುವ ಮೊದಲೇ ಹಚ್ಚಬೇಕಾದವು ಇವು.

ಗೋಡೆ ಎಂದಾಗ ನೆನಪಾಯಿತು. 2020ರಲ್ಲಿ ನೀರು ಎಲ್ಲಿಗೆ ಬಂದಿತ್ತೆಂದು ನಮ್ಮ ಶಾಲೆಯ ಗೋಡೆಯ ಮೇಲೆ ಕೆಸರಿನದೇ ಒಂದು ಗೆರೆ ಮೂಡಿತ್ತು. ಮುಂದಿನ ವರ್ಷ ಸುಣ್ಣ ಹೊಡೆಸುವಾಗ ಅದನ್ನೂ ಒರೆಸಿಬಿಟ್ಟೆವು, ಶಾಲೆ ಲಕ್ಷಣವಾಗಿ ಕಾಣಲೆಂದು. ಈಗ ಕೆಂಪು ಎಣ್ಣೆಬಣ್ಣದ ಡಬ್ಬಿ ತಂದಿಟ್ಟಿದ್ದೇವೆ, ಇಸವಿಯ ಸಮೇತ ಗೆರೆ ಎಳೆಯಬೇಕು. ಒಬ್ಬರು ಕಿಟಕಿಯ ಕೆಳಗೆ ಎನ್ನುತ್ತಾರೆ, ಇನ್ನೊಬ್ಬರು ಕಿಟಕಿಯ ನಡುಮಟ್ಟ ಎನ್ನುತ್ತಾರೆ. ಆ ದಿನದ ಫೋಟೊ ಯಾರ ಮೊಬೈಲಿನಲ್ಲಾದರೂ ಉಳಿದಿದ್ದರೆ ಭಾನುವಾರ ಮುಂಜಾನೆ ಶಾಲೆಗೆ ತೆಗೆದುಕೊಂಡು ಬನ್ನಿ. ನಿಮ್ಮೂರ ಗೋಡೆಗೂ ಒಂದು ಡಬ್ಬಿ ತನ್ನಿ.