ನೀರು ಹಾಕದಿದ್ರೂ ಸಾಯಲ್ಲ ಅಕ್ಕ

ಕಾಡುಗೋಡಿಯ ರಸ್ತೆ ಬದಿ ಗಿಡ ಮಾರುವ ಹುಡುಗ ಝೀಝೀ ಪ್ಲಾಂಟಿನ ಕುಂಡವನ್ನು ನನ್ನ ಕೈಗೆ ಕೊಡುತ್ತಾ ಹೇಳಿದ ಮಾತಿದು. ‘ಬಿಸಿಲೂ ಬೇಡ, ನೀವು ನೋಡ್ಕೊಳ್ಳೋದೇ ಬೇಡ’ ಅಂತಲೂ ಸೇರಿಸಿದ. 350 ರೂಪಾಯಿ ಕೊಟ್ಟು, ಜಡಿಗೇನಹಳ್ಳಿಯವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಅದರ ಜೊತೆ ಒಂದು ಸ್ನೇಕ್ ಪ್ಲಾಂಟು, ಗೆಳತಿ ಕೊಟ್ಟ ಮನಿಪ್ಲಾಂಟಿನ ಎರಡು ಬಳ್ಳಿ.

ತಂದದ್ದು ಅಜ್ಜಿಗಾಗಿ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರು ನಡುಕೋಣೆಯ ಮಂಚ ಬಿಟ್ಟು ಎದ್ದಿಲ್ಲ. ಆಯಸ್ಸೆಲ್ಲ ಹೊಲದಲ್ಲಿ ರಾಗಿ, ಅವರೆ, ಟೊಮೆಟೊ ಅಂತ ಕಳೆದವರು. ಹಸಿರು ಏನಾದರೂ ಕಣ್ಣಿಗೆ ಬೀಳಲಿ ಎಂದು ನನ್ನಾಸೆ. ಅಜ್ಜಿ ಕುಂಡ ನೋಡಿ, ‘ಒಲ ಇರೋರು ಕಾಸು ಕೊಟ್ಟು ಗಿಡ ತರ್ತಾರೇನವ್ವ?’ ಎಂದರು. ಹುಡುಗನ ಮಾತನ್ನು ಹೇಳಿದೆ. ‘ನೀರೂ ಬೇಡ, ನೋಡ್ಕಳದೂ ಬೇಡ ಅಂದ್ರೆ ಇದೇನು ನೀಲಗಿರಿನಾ?’

ನಗುವಂಥ ಮಾತಲ್ಲ ಅದು. ಹೊಸಕೋಟೆ ಕಡೆಯವರಿಗೆ ‘ಆರೈಕೆ ಬೇಡದ ಗಿಡ’ ಹೊಸದೇನಲ್ಲ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನಮ್ಮ ಕಡೆಯ, ಕೋಲಾರದ ಕಡೆಯ ಹೊಲಗಳಿಗೂ ನೀಲಗಿರಿ ಬಂತು. ದನ ಮುಟ್ಟುವುದಿಲ್ಲ, ಕಳೆ ಕೀಳಬೇಕಿಲ್ಲ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ನೆಟ್ಟು ಬೆಂಗಳೂರಿಗೆ ಕೆಲಸಕ್ಕೆ ಹೋಗಬಹುದಿತ್ತು. ನೀರು ಕೇಳದ ಗಿಡ ನೆಲದಡಿಯ ನೀರನ್ನು ಹೀರುತ್ತದೆ ಎಂಬುದು ಆಮೇಲೆ ಎಲ್ಲರ ಬಾಯಲ್ಲೂ ಬಂತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಆದ್ದರಿಂದ ‘ಏನೂ ಬೇಡ’ ಎನ್ನುವ ಗಿಡದ ಬಗ್ಗೆ ನಮ್ಮ ಅಜ್ಜಿಗೆ ಅನುಮಾನ. ಈಗ ನನಗೂ.

ಝೀಝೀ ಗಿಡ ನೀಲಗಿರಿಯಲ್ಲ, ಒಪ್ಪುತ್ತೇನೆ. ಪೂರ್ವ ಆಫ್ರಿಕಾದ ಒಣಗಾಡಿನ ಗಿಡ ಅದು. ಮಣ್ಣಿನೊಳಗೆ ಆಲೂಗಡ್ಡೆಯಂಥ ಗೆಡ್ಡೆಯಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ನನ್ನ ತಕರಾರು ಮಾರುವ ಮಾತಿನ ಮೇಲೆ. ನನ್ನ ವಯಸ್ಸಿನವರೆಲ್ಲ ರೂಮಿಗೆ, ಪಿಜಿಗೆ ಇಂಥ ಗಿಡ ತರುತ್ತಿದ್ದೇವೆ. ಗಾಳಿ ಶುದ್ಧ ಮಾಡುತ್ತದೆ, ರಾತ್ರಿಯೂ ಆಮ್ಲಜನಕ ಕೊಡುತ್ತದೆ ಎಂದು ರೀಲ್ಸ್ ಹೇಳುತ್ತವೆ. ಗಾಳಿಯ ಕಥೆ ಶುರುವಾದದ್ದು 1989ರಲ್ಲಿ ನಾಸಾ ಮಾಡಿದ ಅಧ್ಯಯನದಿಂದ. ಅದು ನಡೆದದ್ದು ಗಾಳಿಯಾಡದ ಮುಚ್ಚಿದ ಪೆಟ್ಟಿಗೆಯೊಳಗೆ. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮತ್ತೆ ಲೆಕ್ಕ ಹಾಕಿದ ಸಂಶೋಧಕರು, ಮಾಮೂಲಿ ಗಾಳಿಯಾಟ ಮಾಡುವ ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕೆಂದರು. ಕಿಟಕಿ ತೆಗೆದರೆ ಖರ್ಚಿಲ್ಲದೆ ಮುಗಿಯುತ್ತದೆ. ಸ್ನೇಕ್ ಪ್ಲಾಂಟು ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ತೆಗೆದುಕೊಳ್ಳುವುದು ನಿಜ. ಆದರೆ ಆಮ್ಲಜನಕ ಹುಟ್ಟುವುದು ಬೆಳಕಿನಲ್ಲೇ.

ನಮ್ಮ ಮನೆಯಲ್ಲಿ ಮೊದಲು ಸತ್ತದ್ದು ಆ ಸ್ನೇಕ್ ಪ್ಲಾಂಟೇ. ಬಾಯಾರಿಕೆಯಿಂದಲ್ಲ. ಅಮ್ಮ ದಿನಾ ಬೆಳಿಗ್ಗೆ ತಂಬಿಗೆಯಲ್ಲಿ ಉಳಿದ ನೀರನ್ನು ಅದಕ್ಕೆ ಸುರಿಯುತ್ತಿದ್ದರು. ಬುಡ ಕೊಳೆತು, ಎಲೆ ಮುಟ್ಟಿದರೆ ಕೈಗೇ ಬಂತು. ನನ್ನದೂ ತಪ್ಪಿತ್ತು: ಬರೀ ಕೆಮ್ಮಣ್ಣು ತುಂಬಿದ್ದೆ, ಅದು ಇಟ್ಟಿಗೆಯ ಹಾಗೆ ಗಟ್ಟಿಯಾಗಿ ನೀರು ಇಳಿಯಲು ಬಿಡಲಿಲ್ಲ. ಮಂಚದಿಂದಲೇ ಅಜ್ಜಿ ಮೇಸ್ತ್ರಿಯಾದರು. ಅರ್ಧ ಮಣ್ಣು, ಉಳಿದರ್ಧ ಮರಳು, ಇಟ್ಟಿಗೆ ಚೂರು, ಹಳೇ ಗೊಬ್ಬರ. ಕುಂಡದಡಿ ತೂತು. ಬೆರಳು ಎರಡು ಗೆಣ್ಣು ಇಳಿಸಿ ನೋಡು, ತೇವ ಹತ್ತಿದರೆ ಸುಮ್ಮನಿರು. ಝೀಝೀಗೆ ಹದಿನೈದಿಪ್ಪತ್ತು ದಿನಕ್ಕೊಮ್ಮೆ ನೀರು ಸಾಕಾಯಿತು, ಮಳೆಗಾಲದಲ್ಲಿ ಇನ್ನೂ ತಡ. ಎಲೆಯ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುವ ಕೆಲಸ ಅಜ್ಜಿಯದು. (ಚಿಕ್ಕ ಮಕ್ಕಳಿದ್ದರೆ ಇವನ್ನು ಎತ್ತರದಲ್ಲಿಡಿ. ಮನಿಪ್ಲಾಂಟು, ಝೀಝೀ ಎರಡೂ ಅಗಿದರೆ ಬಾಯಿ ಉರಿಯುತ್ತದೆ.)

ನೀರಿನ ಸಂಗತಿ ಬಗೆಹರಿಯಿತು, ಬೆಳಕಿನದು ಆಗಲಿಲ್ಲ. ಹಳೇ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಕಟ್ಟಿಸುವಾಗ ಸೈಟಿನ ಅಂಚಿನವರೆಗೂ ಗೋಡೆ ಎಬ್ಬಿಸಿದೆವು. ದೊಡ್ಡಪತ್ರೆ, ಕರಿಬೇವು ಇದ್ದ ಹಿತ್ತಲು ಹೋಯಿತು. ನಡುಕೋಣೆಗೆ ಕಿಟಕಿ ಇದೆ. ಅದು ತೆರೆದುಕೊಳ್ಳುವುದು ಎರಡಡಿ ಆಚೆಯ ಪಕ್ಕದ ಮನೆಯ ಗೋಡೆಗೆ. ಊರಲ್ಲೀಗ ಎಲ್ಲರೂ ಹೀಗೇ ಕಟ್ಟುತ್ತಿದ್ದಾರೆ. ಬೆಂಗಳೂರಿನ ಗಲ್ಲಿಯವರಿಗೆ ಜಾಗವಿಲ್ಲ, ಸರಿ. ನಮಗೇನಾಗಿತ್ತು?

ಮನಿಪ್ಲಾಂಟು ಮೊದಲು ಹೇಳಿತು. ಎಲೆ ಚಿಕ್ಕದಾಯಿತು, ಹಳದಿ ಗೆರೆ ಮಾಸಿತು, ಎಲೆಯಿಂದ ಎಲೆಗೆ ಗೇಣುದ್ದ ಬರೀ ದಂಟು. ಝೀಝೀ ಎರಡು ಟಿಸಿಲು ಬಿಟ್ಟಿತು, ಎರಡೂ ಸೊಟ್ಟಗೆ ಬಾಗಿಲ ಕಡೆ ಬಾಗಿದವು. ಕಡಿಮೆ ಬೆಳಕಿನಲ್ಲಿ ಬದುಕುತ್ತದೆ ಅಂದರೆ ಅರೆಹೊಟ್ಟೆಯಲ್ಲಿ ಬದುಕುತ್ತದೆ, ಅಷ್ಟೇ. ಹಾಗಾಗಿ ಹದಿನೈದು ದಿನ ನಡುಕೋಣೆ, ಹದಿನೈದು ದಿನ ಹಾಲಿನ ಕಿಟಕಿ ಎಂದು ಕುಂಡಗಳಿಗೆ ಪಾಳಿ ಹಾಕಿದೆ.

ಒಂದು ಭಾನುವಾರ ಕುಂಡ ಎತ್ತಿಕೊಂಡು ಹೊರಟಾಗ ಅಜ್ಜಿ ಕೇಳಿದರು: ‘ನನ್ನ ಪಾಳಿ ಯಾವಾಗವ್ವ?’

ತಮಾಷೆಗೇ ಕೇಳಿದ್ದು. ನನಗೆ ಮಾತ್ರ ಅವತ್ತು ಊಟ ಸೇರಲಿಲ್ಲ. ಸಾಯದ ಗಿಡಕ್ಕೂ ಸಾಲದ ಕೋಣೆಯಲ್ಲಿ ಏಳು ತಿಂಗಳಿಂದ ಅವರನ್ನು ಮಲಗಿಸಿದ್ದೆವು. ಅವರೂ ಏನೂ ಕೇಳದವರು, ಎಲ್ಲಿಟ್ಟರೆ ಅಲ್ಲಿ ಇರುವವರು. ಮಂಚವನ್ನು ಹಾಲಿಗೆ ತರೋಣ ಎಂದೆ. ‘ಬಂದೋರು ಎಲ್ಲಿ ಕೂತ್ಕೊಳ್ತಾರೆ?’ ಎಂದರು ಅಪ್ಪ. ಅಮ್ಮನಿಗೆ ಹೊಸ ಸೋಫಾದ ಚಿಂತೆ. ಎರಡು ದಿನ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಸೋಫಾ ನಡುಕೋಣೆಗೆ ಹೋಯಿತು, ಮಂಚ ಕಿಟಕಿ ಪಕ್ಕ ಬಂತು. ಬಂದವರು ಮಂಚದ ತುದಿಯಲ್ಲಿ ಕೂರುತ್ತಾರೆ, ಯಾರೂ ಬೇಸರ ಮಾಡಿಕೊಂಡಿಲ್ಲ.

ಅಜ್ಜಿ ಈಗ ರಸ್ತೆಯಲ್ಲಿ ಹೋಗುವವರನ್ನೆಲ್ಲ ಕೂಗಿ ಮಾತಾಡಿಸುತ್ತಾರೆ. ಯಾರ ಟೊಮೆಟೊಗೆ ಎಷ್ಟು ರೇಟು ಸಿಕ್ಕಿತು ಎಂಬುದು ಅಪ್ಪನಿಗಿಂತ ಮೊದಲು ಅವರಿಗೆ ಗೊತ್ತು. ಝೀಝೀ ಕುಂಡ ಕಿಟಕಿಯ ಕಂಬಿ ಪಕ್ಕದಲ್ಲೇ ಇದೆ. ನಿನ್ನೆ ನೀರು ಹಾಕಲು ಹೋದರೆ ಬೈದರು. ಇನ್ನೂ ಎಂಟು ದಿನ ಇದೆಯಂತೆ.