ಸಂಘ ಯಾರದು, ಸಹಿ ಯಾರದು?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸುತ್ತ ಹೊಲಗಳು ಲೇಔಟುಗಳಾಗುತ್ತಿವೆ. ಬೆಂಗಳೂರಿನ ಹಣ ನಂದಿಬೆಟ್ಟ ದಾಟಿ ಬಂದಿದೆ. ಕೆಲಸ ಹೆಚ್ಚಿದಂತೆ ಸಿವಿಲ್ ಎಂಜಿನಿಯರುಗಳೂ ಗುತ್ತಿಗೆದಾರರೂ ತಮ್ಮದೊಂದು ಸಂಘ ಬೇಕೆನ್ನುವುದು ಸಹಜ. ನಾವದಕ್ಕೆ ವಿರೋಧಿಗಳಲ್ಲ. ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಿದೆ, ಪರಿಷತ್ತಿದೆ, ಎಂಜಿನಿಯರುಗಳಿಗೆ ಅಂಥದ್ದಿಲ್ಲ. ನಗರಸಭೆಯಲ್ಲಿ ಕಡತ ಕೊಳೆತರೆ, ಮನೆ ಮುಗಿದ ಮೇಲೆ ಮಾಲೀಕ ಫೀಸಿಗಾಗಿ ಅಲೆಸಿದರೆ ಒಬ್ಬಂಟಿಯ ಮಾತನ್ನು ಯಾರೂ ಕೇಳುವುದಿಲ್ಲ.

ನಮ್ಮ ತಕರಾರು ಬೇರೆ. ಇಂತಹ ಸಂಘಗಳು ತಮ್ಮನ್ನು 'ನಿರ್ಮಾಣ ಕ್ಷೇತ್ರದ ಪ್ರತಿನಿಧಿಗಳು' ಎಂದು ಕರೆದುಕೊಳ್ಳುತ್ತವೆ. ಸಾರವೆಯ ಮೇಲೆ ನಿಂತ ಗಾರೆಯವನು, ಕಂಬಿ ಕಟ್ಟುವವನು, ಸೆಂಟ್ರಿಂಗ್ ಹಲಗೆ ಹೊಡೆಯುವವನು, ಬಾಂಡ್ಲಿ ಹೊತ್ತ ಹೆಂಗಸು, ಇವರಲ್ಲಿ ಯಾರಿಗೆ ಅಲ್ಲಿ ಕುರ್ಚಿಯಿದೆ?

ಕಟ್ಟಡದ ವೆಚ್ಚದ ಮೇಲೆ ಶೇ. 1ರಷ್ಟು ಸೆಸ್ ವಸೂಲಾಗುವುದು ಇವರ ಹೆಸರಿನಲ್ಲಿ. 1996ರ ಕಾಯ್ದೆಗಳಿಂದ ಬಂದ ಈ ಏರ್ಪಾಡಿಗಾಗಿ ಕರ್ನಾಟಕದಲ್ಲಿ 2007ರಲ್ಲಿ ಕಲ್ಯಾಣ ಮಂಡಳಿ ರಚನೆಯಾಯಿತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದರೂ ಸೆಸ್ ಹೋಗಿಲ್ಲ, 90 ದಿನಗಳ ನಿಯಮವೂ ಹೋಗಿಲ್ಲ. ಅಂದರೆ, 18ರಿಂದ 60 ವಯಸ್ಸಿನ ಕಾರ್ಮಿಕ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಹತ್ತು ಮನೆಗಳಲ್ಲಿ ಒಂಬತ್ತೊಂಬತ್ತು ದಿನ ದುಡಿದವನಿಗೆ ಇದನ್ನು ಬರೆದುಕೊಡುವವರು ಯಾರು? ಮಾಲೀಕ ಗುತ್ತಿಗೆದಾರನನ್ನು ತೋರಿಸುತ್ತಾನೆ, ಗುತ್ತಿಗೆದಾರ ಮೇಸ್ತ್ರಿಯನ್ನು. ಕೊನೆಗೆ ದಲ್ಲಾಳಿ ಬರೆದುಕೊಡುತ್ತಾನೆ, ದುಡ್ಡಿಗೆ. ಇಟ್ಟಿಗೆ ಮುಟ್ಟದವರಿಗೂ ಕಾರ್ಡು ಸಿಗುವುದು ಇದೇ ದಾರಿಯಲ್ಲಿ. ಆಮೇಲೆ ನಕಲಿ ಕಾರ್ಡು ಹಿಡಿಯಲು ಹೊರಟಾಗ ನಿಜವಾಗಿ ದುಡಿದವನೂ ದಾಖಲೆಯಿಲ್ಲದೆ ಪೇಚಿಗೆ ಸಿಲುಕುತ್ತಾನೆ.

'ಅವರು ನಮ್ಮ ನೌಕರರಲ್ಲ, ಮೇಸ್ತ್ರಿಯ ಕಡೆಯವರು' ಎಂಬ ಉತ್ತರ ಸಿದ್ಧವಾಗಿದೆ. ಚಾವಣಿ ಹಾಕುವ ದಿನ ರಾತ್ರಿಯವರೆಗೆ ನಿಲ್ಲಿಸಿಕೊಳ್ಳುವಾಗ ನಮ್ಮ ಹುಡುಗರು, ಬಿದ್ದು ಸೊಂಟ ಮುರಿದುಕೊಂಡಾಗ ಮೇಸ್ತ್ರಿಯ ಕಡೆಯವರು! ಈ ಊರುಗಳಲ್ಲಿ ನಕ್ಷೆ ಬರೆಯುವ ಎಂಜಿನಿಯರೇ ಎಷ್ಟೋ ಕಡೆ ಕಟ್ಟಿಸಿಕೊಡುವ ಗುತ್ತಿಗೆಯನ್ನೂ ಹಿಡಿಯುತ್ತಾರೆ. ನಕ್ಷೆಗೆ ಬೀಳುವ ಸಹಿ ಕಾರ್ಮಿಕನ ಅರ್ಜಿಗೆ ಏಕೆ ಬೀಳುವುದಿಲ್ಲ?

ನಕ್ಷೆಯ ಸಹಿಯೂ ಹಗುರವಾದದ್ದಲ್ಲ. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದು 19 ಮಂದಿ ಸತ್ತರು. ಕಾನೂನಿನ ಮಾನ್ಯತೆ ಕೇಳುವ ಸಂಘಕ್ಕೆ, ತನ್ನ ಸದಸ್ಯನ ಕೆಲಸ ಕಳಪೆಯೆಂದು ಪೊಲೀಸರಿಗಿಂತ ಮೊದಲೇ ಹೇಳುವ ಎದೆಗಾರಿಕೆಯೂ ಬೇಕಲ್ಲವೇ?

ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಇದೇ ಜಿಲ್ಲೆಯದು. ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ 15 ಎಂಜಿನಿಯರುಗಳ ದಿನ. ಹಾರ, ಭಾಷಣ, ಊಟ ನಡೆಯಲಿ. ಅದೇ ದಿನ ನಾಲ್ಕೂ ಊರುಗಳಲ್ಲಿ ಒಂದೊಂದು ಮೇಜು ಹಾಕಿ, ಆ ವರ್ಷ ತಮ್ಮ ಕಟ್ಟಡಗಳಲ್ಲಿ ದುಡಿದವರ ಹಾಜರಿ ಪುಸ್ತಕ ತಂದು, ದಿನಗಳ ಲೆಕ್ಕ ಹಾಕಿ ಸಹಿ ಮಾಡಿಕೊಡಲಿ. ಹಾಜರಿ ಪುಸ್ತಕವನ್ನೇ ಇಟ್ಟಿಲ್ಲವೆನ್ನುವವರು ಬರುವ ಸೋಮವಾರದಿಂದ ಇಡಲಿ.